ಹಣ್ಣು ಹಾಕಿ ಬೇಕ್ ಮಾಡಿದ ಓಟ್ಸ್: ಸಕ್ಕರೆ ಹಾಕದಿದ್ದರೂ ಶುಗರ್ ಏರಿದ್ದೇಕೆ?

ಪ್ರಶ್ನೆ: ನಮ್ಮದು ಶಿವಮೊಗ್ಗ. ಬೆಂಗಳೂರಿನಲ್ಲಿರುವ ತಂಗಿ, ಬೆಳಗಿನ ತಿಂಡಿಗೆ ಹಣ್ಣು ಮತ್ತು ಓಟ್ಸ್ ಸೇರಿಸಿ ಬೇಕ್ ಮಾಡುವ ವಿಡಿಯೊ ಕಳಿಸಿದ್ದಳು. ಸಕ್ಕರೆ ಇಲ್ಲ, ಮೈದಾ ಇಲ್ಲ, ಶುಗರ್ ಇರುವವರೂ ಹೊಟ್ಟೆತುಂಬ ತಿನ್ನಬಹುದು ಎಂದಿತ್ತು. ಮನೆಯಲ್ಲಿ ಓಟಿಜಿ (ಸಣ್ಣ ವಿದ್ಯುತ್ ಓವನ್) ಇದೆ, ಮಾಡಿ ನೋಡಿದೆ. ಮೊದಲ ಸಲ ಎರಡು ಕಪ್ ಇನ್‌ಸ್ಟಂಟ್ ಓಟ್ಸ್, ನಾಲ್ಕು ಪಚ್ಚಬಾಳೆ, ಎಂಟು ಖರ್ಜೂರ, ನಾಲ್ಕು ದೊಡ್ಡ ಚಮಚ ಜೇನುತುಪ್ಪ, ಎರಡು ಕಪ್ ಹಾಲು ಎಲ್ಲವನ್ನೂ ಮಿಕ್ಸಿಗೆ ಹಾಕಿ ತಿರುವಿ ಟ್ರೇಗೆ ಸುರಿದೆ. ಮೇಲೆ ಕೆಂಪಾಯಿತು, ನಡುವೆ ಅಂಟಂಟಾಗಿ ಉಳಿಯಿತು. ಯಜಮಾನರು ಟ್ರೇಯ ಕಾಲುಭಾಗ ತಿಂದರು. ಎರಡು ಗಂಟೆ ಬಿಟ್ಟು ನೋಡಿದರೆ ಶುಗರ್ 214. ಮೂರು ಇಡ್ಲಿ ತಿಂದ ದಿನ 170 ದಾಟುವುದಿಲ್ಲ. ಎರಡನೇ ಸಲ ರೋಲ್ಡ್ ಓಟ್ಸ್ (ಅವಲಕ್ಕಿಯಂತೆ ಒತ್ತಿದ್ದು) ತಂದು, ಅನಾನಸ್ ಹೆಚ್ಚಿ ಹಾಕಿ, ಹಾಲು ಒಂದೇ ಕಪ್ ಹಾಕಿ ಅರ್ಧ ಗಂಟೆ ನೆನೆಯಲು ಬಿಟ್ಟು ಬೇಕ್ ಮಾಡಿದೆ. ಇಟ್ಟಿಗೆಯಂತಾಯಿತು, ಜತೆಗೆ ಕಹಿ.

ಯಜಮಾನರಿಗೆ 53 ವರ್ಷ. ಮೆಟ್‌ಫಾರ್ಮಿನ್ ಮತ್ತು ಗ್ಲಿಮಿಪಿರೈಡ್ ಸೇರಿದ ಮಾತ್ರೆ ತೆಗೆದುಕೊಳ್ಳುತ್ತಾರೆ, ಕೊಲೆಸ್ಟ್ರಾಲ್‌ಗೂ ಒಂದು ಮಾತ್ರೆ ಇದೆ. ಅತ್ತೆಗೆ 76, ಕಟ್ಟಿಸಿದ ಹಲ್ಲು, ಮಲಬದ್ಧತೆ, ಮೊಟ್ಟೆ ಮುಟ್ಟುವುದಿಲ್ಲ. ಪಿಯುಸಿ ಓದುವ ಮಗಳಿಗೆ ಹಿಮೋಗ್ಲೋಬಿನ್ 10.4. ನನಗೆ ಥೈರಾಯ್ಡ್ ಮಾತ್ರೆ. ಹಾಲಿಗೆ ಹಣ್ಣು ಹಾಕಿ ಬೇಯಿಸುವುದು ವಿರುದ್ಧಾಹಾರ, ಜೇನು ಬಿಸಿ ಮಾಡಿದರೆ ವಿಷ ಎಂದು ಅತ್ತೆ ಹೇಳುತ್ತಾರೆ. ಬೇಯಿಸಿದ ಹಣ್ಣಿನಲ್ಲಿ ಏನೂ ಉಳಿಯುವುದಿಲ್ಲ ಎಂದು ಪಕ್ಕದ ಮನೆಯವರು ಹೇಳುತ್ತಾರೆ. ರಾಗಿ ಬಿಟ್ಟು ಓಟ್ಸ್ ಹಿಡಿಯಬೇಕಾ? ಇದನ್ನು ಮುಂದುವರಿಸಬಹುದಾ, ಬಿಟ್ಟುಬಿಡಲಾ?

ಉತ್ತರ: ಬಿಡಬೇಕಾಗಿಲ್ಲ. ಆದರೆ ನೀವು ಮೊದಲ ಸಲ ಮಾಡಿದ್ದು ತಿಂಡಿಯಲ್ಲ, ಸಿಹಿತಿನಿಸು. ಅದರಲ್ಲಿ ಓಟ್ಸ್ ಇತ್ತು ಎಂಬ ಒಂದೇ ಕಾರಣಕ್ಕೆ ಎಲ್ಲರೂ ಅದನ್ನು ಆರೋಗ್ಯದ ಲೆಕ್ಕಕ್ಕೆ ಹಾಕಿದಿರಿ. ಆಸ್ಪತ್ರೆಯಲ್ಲಿ ಆಹಾರತಜ್ಞೆಯಾಗಿ ನಾನು ಕಾಣುವ ಮಧುಮೇಹಿಗಳಲ್ಲಿ ಈ ಗೊಂದಲ ಈಚೆಗೆ ಬಹಳ ಸಾಮಾನ್ಯ. ಸಕ್ಕರೆ ಡಬ್ಬಿ ಮುಟ್ಟಿಲ್ಲ, ಹಾಗಾಗಿ ಸಕ್ಕರೆ ಇಲ್ಲ ಎಂದು ಪ್ರಾಮಾಣಿಕವಾಗಿ ನಂಬಿಕೊಂಡೇ ಬರುತ್ತಾರೆ.

ನಿಮ್ಮ ಪತ್ರದಲ್ಲಿ ಅಳತೆಗಳು ಸ್ಪಷ್ಟವಾಗಿರುವುದರಿಂದ ಲೆಕ್ಕ ಹಾಕಿಯೇ ನೋಡೋಣ. ಯಜಮಾನರು ತಿಂದ ಕಾಲುಭಾಗದಲ್ಲಿ ಅರ್ಧ ಕಪ್ ಓಟ್ಸ್ ಇತ್ತು, ಅಂದರೆ ಸುಮಾರು 45 ಗ್ರಾಂ. ಅದರಿಂದ ಬರುವ ಪಿಷ್ಟ 30 ಗ್ರಾಂ ಆಸುಪಾಸು. ಒಂದು ಇಡೀ ಪಚ್ಚಬಾಳೆಯಿಂದ 25 ಗ್ರಾಂ. ಎರಡು ಖರ್ಜೂರದಿಂದ 10–11. ಒಂದು ದೊಡ್ಡ ಚಮಚ ಜೇನಿನಿಂದ 17. ಅರ್ಧ ಕಪ್ ಹಾಲಿನಿಂದ 6. ಪಿಷ್ಟ, ಸಕ್ಕರೆ ಸೇರಿ ಒಟ್ಟು 90 ಗ್ರಾಂ ಹತ್ತಿರ. ಮಧ್ಯಮ ಗಾತ್ರದ ಮೂರು ಇಡ್ಲಿಯಲ್ಲಿ ಇರುವುದು ಹೆಚ್ಚೆಂದರೆ 36 ಗ್ರಾಂ, ಸಾಂಬಾರಿನ ಬೇಳೆ ಸೇರಿಸಿದರೂ 45ರ ಸುತ್ತ. ಇಡ್ಲಿಯ ದಿನಕ್ಕಿಂತ ಎರಡರಷ್ಟು ಪಿಷ್ಟ ಮತ್ತು ಸಕ್ಕರೆ ಹೊಟ್ಟೆಗೆ ಹೋಗಿದೆ. ಅದರ ಮೇಲೆ 214 ಬಂದದ್ದು ಆಶ್ಚರ್ಯವಲ್ಲ. ತಿಂಡಿಯಾದ ಎರಡು ಗಂಟೆಗೆ 180ರ ಒಳಗಿರಲಿ ಎಂಬುದು ಸಾಮಾನ್ಯವಾಗಿ ಇಟ್ಟುಕೊಳ್ಳುವ ಗುರಿ. ಹಾಗೆಂದು ಒಂದು ದಿನದ 214ಕ್ಕೆ ಗಾಬರಿಯಾಗಬೇಕಿಲ್ಲ. ವಾರಕ್ಕೆ ಮೂರು ದಿನ ಇದೇ ನಡೆದರೆ ಮೂರು ತಿಂಗಳ ಸರಾಸರಿ ಪರೀಕ್ಷೆಯಲ್ಲಿ ಅದು ಕಾಣಿಸಿಕೊಳ್ಳುತ್ತದೆ.

ಜೇನು, ಖರ್ಜೂರ, ಬೆಲ್ಲ ಇವೆಲ್ಲ ನೈಸರ್ಗಿಕ ನಿಜ. ಆದರೆ ರಕ್ತದಲ್ಲಿ ಕರಗುವಾಗ ಮೂಲ ಯಾವುದೆಂದು ದೇಹ ವಿಚಾರಿಸುವುದಿಲ್ಲ. ಒಣ ಖರ್ಜೂರದ ತೂಕದಲ್ಲಿ ಮೂರನೇ ಎರಡು ಭಾಗ ಸಕ್ಕರೆಯೇ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಸಲಹೆಯಲ್ಲಿ ಜೇನಿನ ಸಕ್ಕರೆಯನ್ನೂ ಬಿಳಿ ಸಕ್ಕರೆಯ ಜತೆಗೇ ಎಣಿಸಿದೆ. ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಎಂಬುದು ಅದರ ಸಾರ, ಅದೂ ಸಕ್ಕರೆ ಕಾಯಿಲೆ ಇಲ್ಲದವರಿಗೂ ಸೇರಿ. ನಿಮ್ಮ ಟ್ರೇಯ ಒಂದು ತುಂಡಿನಲ್ಲಿ ಜೇನಿನಿಂದಲೇ 17 ಗ್ರಾಂ ಬಂತು. ಆಮೇಲೆ ಕಾಫಿ ಬೇರೆ.

ಎರಡನೇ ಕಾರಣ ಮಿಕ್ಸಿ. ಇದನ್ನು ವಿಡಿಯೊಗಳು ಹೇಳುವುದೇ ಇಲ್ಲ. ಓಟ್ಸಿನ ಗುಣವೆಲ್ಲ ಇರುವುದು ಅದರ ಬೀಟಾ ಗ್ಲೂಕನ್ ಎಂಬ ಕರಗುವ ನಾರಿನಲ್ಲಿ ಮತ್ತು ಕಾಳಿನ ಗಟ್ಟಿ ರಚನೆಯಲ್ಲಿ. ಆ ನಾರು ನೀರು ಹೀರಿ ಲೋಳೆಯಾಗಿ, ಕರುಳಿನಲ್ಲಿ ಪಿಷ್ಟ ಬೇಗ ಒಡೆಯದಂತೆ ತಡೆಯುತ್ತದೆ. ಕಾಳನ್ನು ಎಷ್ಟು ತೆಳುವಾಗಿ ಒತ್ತಿ, ಎಷ್ಟು ಮುಂಚೆಯೇ ಬೇಯಿಸಿಟ್ಟು, ಎಷ್ಟು ನುಣ್ಣಗೆ ಪುಡಿ ಮಾಡುತ್ತೀರೋ ಅಷ್ಟೂ ಆ ತಡೆ ಸಡಿಲವಾಗುತ್ತದೆ. ಆಹಾರ ರಕ್ತದ ಸಕ್ಕರೆಯನ್ನು ಎಷ್ಟು ಬೇಗ ಏರಿಸುತ್ತದೆ ಎಂದು ತೋರಿಸುವ ಗ್ಲೈಸೆಮಿಕ್ ಸೂಚ್ಯಂಕದಲ್ಲಿ ಇಡೀ ಕಾಳನ್ನು ಕತ್ತರಿಸಿದ ಓಟ್ಸ್ ಮತ್ತು ರೋಲ್ಡ್ ಓಟ್ಸ್ 55ರ ಸುತ್ತ ನಿಂತರೆ ಇನ್‌ಸ್ಟಂಟ್ ಓಟ್ಸ್ 75 ದಾಟುವುದು ಇದಕ್ಕೇ. ನೀವು ಇನ್‌ಸ್ಟಂಟ್ ತಂದು, ಅದನ್ನೂ ಮಿಕ್ಸಿಗೆ ಹಾಕಿದಿರಿ. ಬಾಳೆಹಣ್ಣೂ ಪೂರ್ತಿ ಕದಡಿಹೋಯಿತು. ಅಗಿಯುವ ಕೆಲಸವೇ ಉಳಿಯಲಿಲ್ಲ, ಹೊಟ್ಟೆಯಿಂದ ಬೇಗ ಇಳಿಯಿತು, ಬೇಗ ಏರಿತು.

ಇನ್ನು ಅತ್ತೆಯವರ ಮಾತಿಗೆ ಬರುತ್ತೇನೆ. ಅದನ್ನು ತಳ್ಳಿಹಾಕಬೇಡಿ, ಅದರಲ್ಲಿ ಅನುಭವದ ಅಂಶ ಇದೆ. ನಿಮ್ಮ ಎರಡನೇ ಟ್ರೇ ಕಹಿಯಾದದ್ದೇ ಅದಕ್ಕೆ ಸಾಕ್ಷಿ. ಹಸಿ ಅನಾನಸ್‌ನಲ್ಲಿ ಬ್ರೊಮೆಲಿನ್ ಎಂಬ ಕಿಣ್ವ ಇರುತ್ತದೆ. ಅದು ಹಾಲಿನ ಪ್ರೋಟೀನನ್ನು ತುಂಡರಿಸುತ್ತದೆ, ಆ ತುಂಡುಗಳ ರುಚಿ ಕಹಿ. ಅರ್ಧ ಗಂಟೆ ಹಾಲಿನಲ್ಲಿ ನೆನೆಯಲು ಬಿಟ್ಟಾಗ ಅದಕ್ಕೆ ಬೇಕಾದಷ್ಟು ಸಮಯ ಸಿಕ್ಕಿತು. ಪರಂಗಿಯಲ್ಲೂ, ಅದರಲ್ಲೂ ಕಾಯಿಯಲ್ಲಿ, ಪಪೇನ್ ಎಂಬುದು ಇದೇ ಕೆಲಸ ಮಾಡುತ್ತದೆ. ಅನಾನಸ್ ಹೋಳುಗಳನ್ನು ಮೊದಲು ಬಾಣಲೆಯಲ್ಲಿ ಐದಾರು ನಿಮಿಷ ಚೆನ್ನಾಗಿ ಕುದಿಸಿ, ಆರಿಸಿ ಸೇರಿಸಿದರೆ ಕಿಣ್ವ ಕೆಲಸ ಕಳೆದುಕೊಳ್ಳುತ್ತದೆ, ಕಹಿ ಬರುವುದಿಲ್ಲ. ಹುಳಿ ಇರುವ ಹಣ್ಣುಗಳು ಹಾಲನ್ನು ಒಡೆಸುತ್ತವೆ, ಅದು ಎಲ್ಲರಿಗೂ ಗೊತ್ತು. ಹುಳಿಹಣ್ಣು ಮತ್ತು ಹಾಲನ್ನು ಒಟ್ಟಿಗೆ ಬೇಡ ಎಂದು ಆಯುರ್ವೇದದ ಹಳೆಯ ಗ್ರಂಥಗಳು ಹೇಳಿರುವುದೂ ನಿಜ.

ಆದರೆ ಹಾಲು–ಹಣ್ಣು ಸೇರಿದರೆ ಹೊಟ್ಟೆಯಲ್ಲಿ ವಿಷವಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ಹಾಲು ಹೊಟ್ಟೆಗೆ ಹೋದ ಮೇಲೆ ಅಲ್ಲಿಯ ಆಮ್ಲದಲ್ಲಿ ಹೇಗೂ ಒಡೆಯುತ್ತದೆ, ಜೀರ್ಣವಾಗುವ ಕ್ರಮವೇ ಅದು. ನಮ್ಮ ಮನೆಗಳಲ್ಲಿ ಮಾವಿನ ಸೀಕರಣೆಗೆ ಹಾಲು ಹಾಕುತ್ತೇವೆ. ಪಂಚಾಮೃತದಲ್ಲಿ ಹಾಲು, ಮೊಸರು, ಜೇನು, ತುಪ್ಪದ ಜತೆ ಬಾಳೆಹಣ್ಣು ಹೆಚ್ಚಿ ಹಾಕುತ್ತೇವೆ. ಅತ್ತೆಯವರೂ ಅದನ್ನು ಕೈಯಾರೆ ಹಂಚಿರುತ್ತಾರೆ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರಿಗೆ ಹಣ್ಣಿನ ಜತೆಯೂ ಉಬ್ಬರಿಸುತ್ತದೆ, ಅಲ್ಲಿ ತೊಂದರೆ ಹಾಲಿನ ಲ್ಯಾಕ್ಟೋಸ್ ಎಂಬ ಸಕ್ಕರೆಯದು. ಅಂಥವರಿಗೆ ಹಾಲಿನ ಬದಲು ಮೊಸರು ಹಾಕಿ ಬೇಕ್ ಮಾಡಬಹುದು.

ಜೇನಿನ ವಿಷಯದಲ್ಲೂ ಹಾಗೆಯೇ. ಬಿಸಿ ಮಾಡಿದಾಗ ಅದರ ಪರಿಮಳ ಹೋಗುತ್ತದೆ, ಕೆಲವು ಕಿಣ್ವಗಳು ನಾಶವಾಗುತ್ತವೆ, ಎಚ್‌ಎಂಎಫ್ ಎಂಬ ಸಂಯುಕ್ತ ಹೆಚ್ಚುತ್ತದೆ. ಅದೇ ಸಂಯುಕ್ತ ಹುರಿದ ಕಾಫಿಪುಡಿಯಲ್ಲೂ ಬ್ರೆಡ್ಡಿನ ಕೆಂಪು ಅಂಚಿನಲ್ಲೂ ಇರುತ್ತದೆ. ತಿಂಡಿಯಲ್ಲಿ ಸೇರುವಷ್ಟು ಪ್ರಮಾಣದಿಂದ ಮನುಷ್ಯರಿಗೆ ವಿಷವಾದದ್ದು ಕಂಡುಬಂದಿಲ್ಲ. ಆದರೂ ನಾನು ಅತ್ತೆಯವರ ಪಕ್ಷವೇ: ಜೇನು ಬೇಕ್ ಮಾಡಬೇಡಿ. ದುಡ್ಡು ಕೊಟ್ಟು ತಂದ ಒಳ್ಳೆಯ ಜೇನಿನ ರುಚಿಯೂ ಹೋಗುತ್ತದೆ, ಯಜಮಾನರಿಗೆ ಸಕ್ಕರೆಯೂ ಸೇರುತ್ತದೆ. ಮಗಳಿಗೆ ಬೇಕೆನಿಸಿದರೆ ತಟ್ಟೆಗೆ ಬಂದ ಮೇಲೆ ಒಂದು ಸಣ್ಣ ಚಮಚ ಹಾಕಿಕೊಳ್ಳಲಿ. ಒಂದು ವರ್ಷ ತುಂಬದ ಮಕ್ಕಳಿಗೆ ಮಾತ್ರ ಜೇನು ಹಸಿಯಾಗಿಯೂ ಬೇಡ, ಬೇಯಿಸಿಯೂ ಬೇಡ.

ಬೇಯಿಸಿದ ಹಣ್ಣಿನಲ್ಲಿ ಏನೂ ಉಳಿಯುವುದಿಲ್ಲ ಎಂಬುದು ಅರ್ಧ ಸತ್ಯವೂ ಅಲ್ಲ. ವಿಟಮಿನ್ ಸಿ ಒಂದು ಪಾಲು ಹೋಗುತ್ತದೆ. ಆದರೆ ಬಾಳೆ, ಸೇಬು ತಿನ್ನುವುದು ವಿಟಮಿನ್ ಸಿಗಾಗಿ ಅಲ್ಲ, ಅವುಗಳಲ್ಲಿ ಅದು ಮೊದಲೇ ಕಡಿಮೆ. ನಾರು, ಪೊಟ್ಯಾಶಿಯಂ, ಸೇಬಿನ ಸಿಪ್ಪೆಯ ಪೆಕ್ಟಿನ್ ಎಲ್ಲ ಓವನ್ನಿನಿಂದ ಹೊರಬಂದ ಮೇಲೂ ಇರುತ್ತವೆ. ನನ್ನ ಸಲಹೆ, ಹಣ್ಣಿನಲ್ಲಿ ಒಂದು ಭಾಗ ಒಳಗೆ ಬೇಯಲಿ, ಒಂದು ಭಾಗ ಹಸಿಯಾಗಿ ಮೇಲೆ ಬರಲಿ. ಮೇಲಿನದಕ್ಕೆ ಸೀಬೆಹಣ್ಣಿಗಿಂತ ಒಳ್ಳೆಯದಿಲ್ಲ. 100 ಗ್ರಾಂ ಸೀಬೆಯಲ್ಲಿ 200 ಮಿಲಿಗ್ರಾಂ ಹತ್ತಿರ ವಿಟಮಿನ್ ಸಿ ಇರುತ್ತದೆ, ಕಿತ್ತಳೆಗಿಂತ ಮೂರ್ನಾಲ್ಕು ಪಟ್ಟು. ಇದು ನಿಮ್ಮ ಮಗಳಿಗೆ ವಿಶೇಷವಾಗಿ ಬೇಕು, ಅದಕ್ಕೆ ಮುಂದೆ ಬರುತ್ತೇನೆ.

ರಾಗಿಯ ಪ್ರಶ್ನೆ ಕೇಳಿದ್ದು ಒಳ್ಳೆಯದಾಯಿತು. ಓಟ್ಸ್ ಬಂತೆಂದು ರಾಗಿಯನ್ನು ಮನೆಯಿಂದ ಹೊರಗೆ ಹಾಕುವವರನ್ನು ಕಂಡರೆ ನನಗೆ ನಿಜವಾಗಿ ನೋವಾಗುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಸಂಯೋಜನೆ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ, 11 ಗ್ರಾಂ ನಾರು. ಓಟ್ಸ್‌ನಲ್ಲಿ ಕ್ಯಾಲ್ಸಿಯಂ ಅದರ ಆರನೇ ಒಂದು ಭಾಗದಷ್ಟು, ನಾರು ಹೆಚ್ಚುಕಡಿಮೆ ಸಮ. ಓಟ್ಸ್ ಮುಂದಿರುವುದು ಎರಡರಲ್ಲಿ: ಪ್ರೋಟೀನ್ ರಾಗಿಯಲ್ಲಿ 7 ಗ್ರಾಂ ಇದ್ದರೆ ಇದರಲ್ಲಿ 13ರ ಸುತ್ತ, ಮತ್ತು ಆಗಲೇ ಹೇಳಿದ ಬೀಟಾ ಗ್ಲೂಕನ್. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 1997ರಲ್ಲಿ ಓಟ್ಸ್ ಡಬ್ಬಿಯ ಮೇಲೆ ಹೃದಯಕ್ಕೆ ಒಳ್ಳೆಯದು ಎಂಬರ್ಥದ ಬರಹಕ್ಕೆ ಒಪ್ಪಿಗೆ ಕೊಟ್ಟದ್ದು ಈ ನಾರಿನ ಆಧಾರದ ಮೇಲೆ. ದಿನಕ್ಕೆ 3 ಗ್ರಾಂ ಬೀಟಾ ಗ್ಲೂಕನ್ ಸಿಕ್ಕರೆ ಕೆಟ್ಟ ಕೊಲೆಸ್ಟ್ರಾಲ್ ಶೇ 5ರಿಂದ 7ರಷ್ಟು ಇಳಿಯಬಹುದು. ಅಷ್ಟು ಸಿಗಲು ದಿನಕ್ಕೆ 75 ಗ್ರಾಂ ರೋಲ್ಡ್ ಓಟ್ಸ್ ಬೇಕು, ಅದೂ ದಿನಾಲೂ. ಆದ್ದರಿಂದ ವಾರಕ್ಕೆ ಎರಡು ತುಂಡು ತಿಂದು ಯಜಮಾನರು ಕೊಲೆಸ್ಟ್ರಾಲ್ ಮಾತ್ರೆ ಬಿಡುವಂತಿಲ್ಲ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಹೀಗೆ ಬಿಟ್ಟು ಬರುವವರು ಇದ್ದಾರೆ. ರಾಗಿ ಇರಲಿ, ಇಡ್ಲಿ ಇರಲಿ, ಇದು ವಾರಕ್ಕೆ ಎರಡು ಮೂರು ದಿನದ ಬದಲಾವಣೆಯಾಗಿ ಬರಲಿ.

ಈ ತಿಂಡಿ ಮೂಲತಃ ಅಮೆರಿಕದ ಪೆನ್ಸಿಲ್ವೇನಿಯಾ ಕಡೆಯ ಜರ್ಮನ್ ಮೂಲದ ರೈತರ, ಆಮಿಶ್ ಸಮುದಾಯದವರ ಮನೆಯ ಅಡುಗೆ. ಹೊಲದ ಕೆಲಸಕ್ಕೆ ಹೋಗುವವರಿಗೆ ಬೆಣ್ಣೆ, ಕಂದು ಸಕ್ಕರೆ, ಮೊಟ್ಟೆ ಹಾಕಿ ಮಾಡುತ್ತಿದ್ದದ್ದು. ಅಷ್ಟು ದುಡಿಮೆ ಇರುವವರಿಗೆ ಅದು ಸರಿ. ಕುರ್ಚಿಯಲ್ಲಿ ದಿನ ಕಳೆಯುವ ನಮಗೆ ಅದರ ಸಿಹಿ ಕಳೆದು, ಪ್ರೋಟೀನ್ ಕೂಡಿಸಬೇಕು. ಮೇಲೆ ಕೆಳಗೆ ಕೆಂಡ ಇಟ್ಟು ಬೇಯಿಸುವ ಪದ್ಧತಿ ನಮಗೂ ಹೊಸದಲ್ಲ. ಉತ್ತರ ಕನ್ನಡದ ಕೊಂಕಣಿ ಮನೆಗಳಲ್ಲಿ ಸೌತೆಕಾಯಿ, ಅಕ್ಕಿರವೆ, ಬೆಲ್ಲ ಸೇರಿಸಿ ತವಸಳಿ ಮಾಡುವುದು ಹೀಗೆಯೇ.

ನಿಮ್ಮ ಮನೆಗೆ ಹೊಂದುವ ಅಳತೆ ಇದು. ರೋಲ್ಡ್ ಓಟ್ಸ್ ಎರಡು ಕಪ್, ಅಂದರೆ 180 ಗ್ರಾಂ. ಪ್ಯಾಕೆಟ್ಟಿನ ಹಿಂದೆ ಪದಾರ್ಥಗಳ ಪಟ್ಟಿಯಲ್ಲಿ ಓಟ್ಸ್ ಒಂದೇ ಇರಬೇಕು, ಮಸಾಲೆ ಓಟ್ಸ್ ಬೇಡ. ಹಾಲು ಎರಡು ಕಪ್, ಗಟ್ಟಿ ಮೊಸರು ಅರ್ಧ ಕಪ್‌ಗಿಂತ ಕೊಂಚ ಕಡಿಮೆ. ಮೊಟ್ಟೆಯ ಬದಲು ಎರಡು ದೊಡ್ಡ ಚಮಚ ಅಗಸೆಬೀಜದ ಪುಡಿಯನ್ನು ಆರು ಚಮಚ ನೀರಿನಲ್ಲಿ ಹತ್ತು ನಿಮಿಷ ಕಲಸಿಡಿ, ಲೋಳೆಯಾಗುತ್ತದೆ. ಬೇಕಿಂಗ್ ಪೌಡರ್ ಒಂದು ಸಣ್ಣ ಚಮಚ, ಚಿಟಿಕೆ ಉಪ್ಪು, ಏಲಕ್ಕಿ, ದಾಲ್ಚಿನ್ನಿ. ಸಿಹಿಗೆ ಚೆನ್ನಾಗಿ ಕಳಿತ, ಸಿಪ್ಪೆಯಲ್ಲಿ ಕಪ್ಪು ಚುಕ್ಕೆ ಬಂದ ಏಲಕ್ಕಿ ಬಾಳೆ ಎರಡು, ಕೈಯಲ್ಲೇ ಹಿಸುಕಿ. ಸೇಬು ಒಂದು, ಸಿಪ್ಪೆ ಸಮೇತ ಸಣ್ಣಗೆ ಹೆಚ್ಚಿ. ಕಡಲೆಕಾಯಿ ಬೀಜ, ಬಾದಾಮಿ ಸೇರಿ ಕಾಲು ಕಪ್. ಜೇನಿಲ್ಲ, ಖರ್ಜೂರವಿಲ್ಲ, ಬೆಲ್ಲವಿಲ್ಲ. ಮಿಕ್ಸಿ ಹೊರಗೆ ತೆಗೆಯಲೇಬೇಡಿ. ಇದನ್ನು ಐದು ಪಾಲು ಮಾಡಿದರೆ ಒಂದು ಪಾಲಿನಲ್ಲಿ ಸುಮಾರು 40 ಗ್ರಾಂ ಪಿಷ್ಟ–ಸಕ್ಕರೆ, 10–11 ಗ್ರಾಂ ಪ್ರೋಟೀನ್ ಸಿಗುತ್ತದೆ. ಜತೆಗೆ ಒಂದು ಸಣ್ಣ ಬಟ್ಟಲು ಕಡಲೆಕಾಳು ಉಸ್ಲಿ ಇಟ್ಟರೆ ಮಧ್ಯಾಹ್ನದವರೆಗೆ ಹಸಿವು ಕಾಡುವುದಿಲ್ಲ, ಸ್ವಲ್ಪ ಪಿಷ್ಟ ಕೂಡಿದರೂ ಕಡಲೆ ನಿಧಾನವಾಗಿ ಜೀರ್ಣವಾಗುವಂಥದ್ದು.

ಬೆಲ್ಲ ಹಾಕಲೇಬೇಕೆಂದು ಮಗಳು ಹಟ ಹಿಡಿದರೆ ಒಂದು ಮಾತು ನೆನಪಿಡಿ. ಕುದಿಯುವ ಹಾಲಿಗೆ ಬೆಲ್ಲ ಹಾಕಿದರೆ ಪಾಯಸ ಒಡೆಯುವುದು ನಿಮಗೆ ಗೊತ್ತೇ ಇದೆ, ಟ್ರೇಯಲ್ಲೂ ಅದೇ ಆಗಿ ಹಾಲು ಹರಳುಹರಳಾಗಬಹುದು. ಅವಳ ಪಾಲಿಗೆ ಮಾತ್ರ ಬೆಂದ ಮೇಲೆ ತುರಿದು ಹಾಕಿ.

ಈಗ ಮೊದಲ ಟ್ರೇಯ ನಡುವೆ ಹಸಿ ಉಳಿದದ್ದು ಏಕೆ ಎಂದರೆ, ನುಣ್ಣಗಾದ ಇನ್‌ಸ್ಟಂಟ್ ಓಟ್ಸ್ ನೀರನ್ನು ಕೂಡಲೇ ಹೀರಿ ಅಂಟಾಯಿತು, ಅದರ ಮೇಲೆ ನಾಲ್ಕು ಬಾಳೆಯ ತೇವ. ಶಾಖ ಒಳಗೆ ಇಳಿಯುವ ಮೊದಲೇ ಮೇಲ್ಭಾಗ ಕೆಂಪಾಯಿತು. ಜೇನು ಇದ್ದರೆ ಬೇಗ ಕೆಂಪಾಗುತ್ತದೆ, ಬೆಂದಿದೆ ಎಂದು ಮೋಸ ಹೋಗುತ್ತೇವೆ. ಎರಡನೆಯದು ಇಟ್ಟಿಗೆಯಾದದ್ದಕ್ಕೆ ಹಾಲು ಕಡಿಮೆಯಾದದ್ದೇ ಕಾರಣ. ರೋಲ್ಡ್ ಓಟ್ಸ್ ಎಷ್ಟು ಕಪ್ಪೋ ಕನಿಷ್ಠ ಅಷ್ಟೇ ಕಪ್ ಹಾಲು ಬೇಕು. ಕಲಸಿ ಹತ್ತು ಹದಿನೈದು ನಿಮಿಷ ಬಿಡಿ, ಆಗ ಮೇಲೆ ಹಾಲು ನಿಂತಂತೆ ಸಡಿಲವಾಗಿಯೇ ಕಾಣಬೇಕು. ನೋಡಿದರೆ ಅಯ್ಯೋ ನೀರಾಯಿತಲ್ಲ ಅನ್ನಿಸುತ್ತದೆ, ಆ ಹದವೇ ಸರಿ. ಟ್ರೇಯಲ್ಲಿ ಎರಡು ಬೆರಳಿನ ದಪ್ಪಕ್ಕಿಂತ ಹೆಚ್ಚು ತುಂಬಬೇಡಿ. ಓಟಿಜಿಯ ಮೇಲಿನ ಕೆಳಗಿನ ಎರಡೂ ಸರಳು ಉರಿಯುವಂತೆ ಇಟ್ಟು, 180 ಡಿಗ್ರಿಯಲ್ಲಿ ಹತ್ತು ನಿಮಿಷ ಮೊದಲೇ ಕಾಯಿಸಿ, ನಡುವಿನ ಹಂತದಲ್ಲಿ 35ರಿಂದ 40 ನಿಮಿಷ. ಚಿಕ್ಕ ಓಟಿಜಿಗಳಲ್ಲಿ ಗುಬುಟು ತೋರಿಸುವುದಕ್ಕೂ ಒಳಗಿನ ಶಾಖಕ್ಕೂ ವ್ಯತ್ಯಾಸ ಇರುವುದು ಸಾಮಾನ್ಯ. ಅದಕ್ಕೆ ಗಡಿಯಾರ ನಂಬದೆ ಚಾಕು ಚುಚ್ಚಿ ನೋಡಿ, ಹಸಿ ಹಿಟ್ಟು ಅಂಟದೆ ಬರಬೇಕು. ಹೊರತೆಗೆದ ಮೇಲೆ ಕಾಲು ಗಂಟೆ ಮುಟ್ಟಬೇಡಿ. ಬಿಸಿಯಲ್ಲಿ ಕತ್ತರಿಸಿದರೆ ಕುಸಿಯುತ್ತದೆ, ಆರುತ್ತಾ ಪಿಷ್ಟ ಬಿಗಿಯಾಗಿ ತುಂಡು ನಿಲ್ಲುತ್ತದೆ. ಗಾಜಿನ ಬಟ್ಟಲಾದರೆ ಒದ್ದೆ ಗ್ರಾನೈಟ್ ಕಟ್ಟೆಯ ಮೇಲೆ ಇಡಬೇಡಿ, ಮಡಚಿದ ಒಣ ಬಟ್ಟೆ ಹಾಸಿ. ಬಿರುಕು ಬಿಟ್ಟರೆ ತಿಂಡಿಯೂ ಹೋಯಿತು, ಕೈಗೂ ಅಪಾಯ.

ಓವನ್ ಇಲ್ಲದವರು ಕುಕ್ಕರ್‌ನಲ್ಲಿ ಉಪ್ಪು ಅಥವಾ ಮರಳು ಹಾಸಿ, ಗ್ಯಾಸ್ಕೆಟ್ ಮತ್ತು ವಿಷಲ್ ತೆಗೆದು ಬೇಕ್ ಮಾಡುತ್ತಾರೆ. ಆಗುತ್ತದೆ, ಆದರೆ ನೀರಿಲ್ಲದೆ ಮುಕ್ಕಾಲು ಗಂಟೆ ಕಾದ ಅಲ್ಯೂಮಿನಿಯಂ ಕುಕ್ಕರ್ ತಳ ಸೊಟ್ಟಗಾಗಬಹುದು, ಆಮೇಲೆ ಅದೇ ಕುಕ್ಕರ್‌ನಲ್ಲಿ ಒತ್ತಡದಲ್ಲಿ ಅನ್ನ ಮಾಡುವುದು ಸುರಕ್ಷಿತವಲ್ಲ. ದಪ್ಪ ಕಬ್ಬಿಣದ ಬಾಣಲೆಗೆ ಮುಚ್ಚಳ ಹಾಕಿ ಸಣ್ಣ ಉರಿಯಲ್ಲಿ ಮಾಡುವುದು ಮೇಲು. ಗ್ಯಾಸ್ಕೆಟ್ ಇಟ್ಟು ಮಾತ್ರ ಯಾವ ಕಾರಣಕ್ಕೂ ಬೇಡ.

ಅತ್ತೆಯವರಿಗೆ ಬೇಕ್ ಮಾಡಿದ್ದಕ್ಕಿಂತ ಆವಿಯಲ್ಲಿ ಬೇಯಿಸಿದ್ದು ಹಿತ. ಅದೇ ಮಿಶ್ರಣದಲ್ಲಿ ಬೀಜಗಳನ್ನು ಪುಡಿ ಮಾಡಿ ಹಾಕಿ, ತುಪ್ಪ ಸವರಿದ ಸಣ್ಣ ಬಟ್ಟಲಲ್ಲಿ ಇಡ್ಲಿ ಪಾತ್ರೆಯೊಳಗೆ ಇಪ್ಪತ್ತೈದು ನಿಮಿಷ ಇಡಿ. ಕಟ್ಟಿಸಿದ ಹಲ್ಲಿಗೆ ತೊಂದರೆಯಿಲ್ಲದೆ ಮೆತ್ತಗೆ ಬರುತ್ತದೆ. ಅವರ ಮಲಬದ್ಧತೆಗೆ ಓಟ್ಸ್ ಮತ್ತು ಅಗಸೆ ಎರಡೂ ಒಳ್ಳೆಯವೇ, ಆದರೆ ನೀರಿನ ಜತೆಗೆ. ವಯಸ್ಸಾದವರು ನೀರು ಕುಡಿಯುವುದು ಕಡಿಮೆ. ನಾರು ಏರಿಸಿ ನೀರು ಏರಿಸದಿದ್ದರೆ ಮಲ ಇನ್ನೂ ಗಟ್ಟಿಯಾಗಿ, ಹೊಟ್ಟೆ ಉಬ್ಬರಿಸಿ, ಓಟ್ಸ್ ನನಗೆ ಆಗಿಬರಲಿಲ್ಲ ಎಂದು ಹೇಳುತ್ತಾರೆ. ಮೊದಲ ವಾರ ಅರ್ಧ ಪಾಲು ಕೊಡಿ, ತಿಂಡಿಯ ಜತೆ ಒಂದು ಲೋಟ ಬೆಚ್ಚನೆಯ ನೀರು. ಮೂತ್ರಪಿಂಡದ ತೊಂದರೆ ಇದ್ದು ಪೊಟ್ಯಾಶಿಯಂ ಕಡಿಮೆ ಮಾಡಲು ಅಥವಾ ನೀರು ಮಿತಿಗೊಳಿಸಲು ವೈದ್ಯರು ಹೇಳಿದ್ದರೆ, ಬಾಳೆಹಣ್ಣು ಮತ್ತು ನೀರಿನ ಈ ಸಲಹೆ ಅವರಿಗೆ ಅನ್ವಯಿಸುವುದಿಲ್ಲ.

ಮಗಳ ಹಿಮೋಗ್ಲೋಬಿನ್ 10.4 ಎಂದರೆ ರಕ್ತಹೀನತೆ. ಆ ವಯಸ್ಸಿನ ಹೆಣ್ಣುಮಕ್ಕಳಿಗೆ 12 ಇರಬೇಕು. ಅದನ್ನು ಯಾವ ತಿಂಡಿಯಿಂದಲೂ ಸರಿಪಡಿಸಲಾಗದು, ವೈದ್ಯರಿಗೆ ತೋರಿಸಿ ಕಬ್ಬಿಣದ ಮಾತ್ರೆ ಶುರುವಾಗಲಿ. ಓಟ್ಸ್‌ನಲ್ಲಿ ಕಬ್ಬಿಣ ಇದೆ, ಜತೆಗೆ ಅದನ್ನು ಹಿಡಿದಿಡುವ ಫೈಟೇಟ್ ಕೂಡ ಇದೆ. ರಾತ್ರಿಯಿಡೀ ನೆನೆಸಿದರೆ ಫೈಟೇಟ್ ಹೋಗುತ್ತದೆ ಎನ್ನುತ್ತಾರೆ. ಬೇರೆ ಕಾಳುಗಳಲ್ಲಿ ಅದು ಒಂದಿಷ್ಟು ನಿಜ, ಆದರೆ ಅಂಗಡಿಯ ಓಟ್ಸನ್ನು ಕೆಡದಿರಲೆಂದು ಕಾರ್ಖಾನೆಯಲ್ಲೇ ಬಿಸಿ ಮಾಡಿರುವುದರಿಂದ ಫೈಟೇಟ್ ಒಡೆಯುವ ಕಿಣ್ವ ಅಲ್ಲೇ ಸತ್ತಿರುತ್ತದೆ. ನೆನೆಸುವುದರಿಂದ ಮೆತ್ತಗಾಗುತ್ತದೆ, ಅಷ್ಟೇ. ಫೈಟೇಟಿಗೆ ಎದುರಾಗಿ ಕೆಲಸ ಮಾಡುವುದು ವಿಟಮಿನ್ ಸಿ. ತುಂಡಿನ ಮೇಲೆ ಅರ್ಧ ಸೀಬೆಹಣ್ಣು ಹೆಚ್ಚಿ ಕೊಡಿ ಎಂದದ್ದು ಇದಕ್ಕೇ. ಹಾಗೆಯೇ ತಿಂಡಿಯ ಜತೆಜತೆಗೆ ಕಾಫಿ–ಟೀ ಬೇಡ, ಒಂದು ಗಂಟೆ ಅಂತರವಿರಲಿ. ಪಿಯುಸಿ ಮಕ್ಕಳಿಗೆ ಬೆಳಗಿನ ಕಾಫಿ ಬಿಡಿಸುವುದು ಕಷ್ಟ ಎಂದು ಗೊತ್ತು, ತಿಂಡಿಗಿಂತ ಮುಂಚೆ ಎದ್ದಕೂಡಲೇ ಕುಡಿಯಲಿ.

ನಿಮ್ಮ ಥೈರಾಯ್ಡ್ ಮಾತ್ರೆಯನ್ನು ಬರಿಹೊಟ್ಟೆಯಲ್ಲಿ ನೀರಿನ ಜತೆ ನುಂಗಿ, ಈ ತಿಂಡಿಗೆ ಕನಿಷ್ಠ ಅರ್ಧ ಗಂಟೆ, ಸಾಧ್ಯವಾದರೆ ಒಂದು ಗಂಟೆ ಬಿಡಿ. ನಾರು, ಹಾಲಿನ ಕ್ಯಾಲ್ಸಿಯಂ, ಕಾಫಿ ಎಲ್ಲವೂ ಆ ಮಾತ್ರೆ ರಕ್ತಕ್ಕೆ ಸೇರದಂತೆ ಅಡ್ಡ ಬರುತ್ತವೆ. ಇನ್ನು ಗೋಧಿಯ ಗ್ಲುಟೆನ್ ಆಗದ ಸೀಲಿಯಾಕ್ ಕಾಯಿಲೆಯವರು ನಿಮ್ಮ ಮನೆಗೆ ಬಂದಾಗ ಈ ತಿಂಡಿ ಕೊಡುವ ಮುನ್ನ ಪ್ಯಾಕೆಟ್ ನೋಡಿ. ಸಾಧಾರಣ ಓಟ್ಸ್‌ನಲ್ಲಿ ಗೋಧಿ, ಬಾರ್ಲಿ ಬೆರೆತಿರುತ್ತದೆ, ಗ್ಲುಟೆನ್‌ಮುಕ್ತ ಎಂದು ಮುದ್ರಿಸಿದ್ದರೆ ಮಾತ್ರ ನಂಬಬಹುದು. ಕೆಲವರಿಗೆ ಅದೂ ಆಗುವುದಿಲ್ಲ.

ಉಳಿದ ತುಂಡುಗಳನ್ನು ಮುಚ್ಚಿದ ಡಬ್ಬಿಯಲ್ಲಿ ಫ್ರಿಜ್‌ನಲ್ಲಿ ಮೂರು ದಿನ ಇಡಬಹುದು. ನಿಮ್ಮೂರ ಮಳೆಗಾಲದ ತೇವದಲ್ಲಿ ರಾತ್ರಿಯಿಡೀ ಹೊರಗಿಟ್ಟದ್ದನ್ನು ತಿನ್ನಬೇಡಿ, ಹಾಲು ಹಣ್ಣು ಸೇರಿದ್ದು ಬೇಗ ಕೆಡುತ್ತದೆ.

ಕೊನೆಯದಾಗಿ ಯಜಮಾನರ ಮಾತ್ರೆಯ ವಿಷಯ, ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಮೆಟ್‌ಫಾರ್ಮಿನ್ ಒಂದರಿಂದಲೇ ಶುಗರ್ ಅತಿಯಾಗಿ ಇಳಿಯುವುದು ಅಪರೂಪ. ಗ್ಲಿಮಿಪಿರೈಡ್ ಹಾಗಲ್ಲ, ಅದು ತಿಂದರೂ ತಿನ್ನದಿದ್ದರೂ ಇನ್ಸುಲಿನ್ ಹೊರಡಿಸುತ್ತದೆ. ನಾನು ಕೊಟ್ಟ ಅಳತೆ ಅವರ ಇಡ್ಲಿಯ ದಿನಕ್ಕೆ ಸಮವಾಗಿದೆ, ಅದರಿಂದ ತೊಂದರೆಯಾಗಬಾರದು. ಆದರೆ 214 ನೋಡಿ ಹೆದರಿ ಅರ್ಧ ತುಂಡಿಗೆ ಇಳಿಸಿಕೊಂಡು ಎಂದಿನಂತೆ ಮಾತ್ರೆ ನುಂಗಿದರೆ, ಹನ್ನೊಂದು ಹನ್ನೆರಡು ಗಂಟೆಯ ಹೊತ್ತಿಗೆ ಬೆವರು, ಕೈನಡುಕ, ಮಂಕು ಕವಿಯಬಹುದು. ಆಗ ಗ್ಲುಕೋಮೀಟರಿನಲ್ಲಿ 70ಕ್ಕಿಂತ ಕಡಿಮೆ ಇದ್ದರೆ ಮೂರು ಸಣ್ಣ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, ಕಾಲು ಗಂಟೆ ಬಿಟ್ಟು ಮತ್ತೆ ನೋಡಿ. ಅಂಥ ಹೊತ್ತಿನಲ್ಲಿ ಓಟ್ಸ್ ತುಂಡು ಕೊಟ್ಟು ಪ್ರಯೋಜನವಿಲ್ಲ, ಅದು ನಿಧಾನ.

ಹೊಸ ಅಳತೆಯಲ್ಲಿ ಮಾಡಿದ ದಿನ ತಿಂಡಿಗೆ ಮೊದಲು ಒಮ್ಮೆ, ಮೊದಲ ತುತ್ತಿನಿಂದ ಎರಡು ಗಂಟೆಗೆ ಒಮ್ಮೆ ಪರೀಕ್ಷಿಸಿ ಬರೆದಿಡಿ. ಇಡ್ಲಿಯ ದಿನವೂ ಹಾಗೆಯೇ ಮಾಡಿ, ನಡಿಗೆ, ಮಾತ್ರೆ, ಕಾಫಿ ಎರಡೂ ದಿನ ಒಂದೇ ರೀತಿ ಇರಲಿ. ಎರಡು ಮೂರು ವಾರ ಹೀಗೆ ಹೋಲಿಸಿದರೆ ಈ ತಿಂಡಿ ಅವರ ದೇಹಕ್ಕೆ ಹೇಗೆ ಒಗ್ಗುತ್ತದೆ ಎಂಬುದು ನನ್ನ ಲೆಕ್ಕಕ್ಕಿಂತ ಚೆನ್ನಾಗಿ ನಿಮಗೇ ತಿಳಿಯುತ್ತದೆ. ಅಂಕಿಗಳು ಇಡ್ಲಿಯ ದಿನಕ್ಕಿಂತ ಹೆಚ್ಚೇ ಬರುತ್ತಿದ್ದರೆ ಬಾಳೆಹಣ್ಣನ್ನು ಒಂದಕ್ಕೆ ಇಳಿಸಿ, ಬೀಜಗಳನ್ನು ಕೊಂಚ ಹೆಚ್ಚಿಸಿ ನೋಡಿ. ಆಗಲೂ 180 ದಾಟಿದರೆ ಬರೆದಿಟ್ಟ ಅಂಕಿಗಳನ್ನು ವೈದ್ಯರಿಗೆ ತೋರಿಸಿ. ಮಾತ್ರೆಯ ಪ್ರಮಾಣವನ್ನು ಮನೆಯಲ್ಲೇ ಹೆಚ್ಚುಕಡಿಮೆ ಮಾಡಬೇಡಿ.